ಔಷಧಿ ಹೊಡೆಯೋ ದಿನ ಕ್ಯಾಲೆಂಡರ್ ಹೇಳೋದು ಬೇಡ, ಮೋಡ ಹೇಳಲಿ

ತೋಟದ ಮಾತು: ಭಾಗ 4 🍇

ಪಿಲ್ಲಗುಂಪೆ ಅಂದ್ರೆ ಎಲ್ರಿಗೂ ನೆನಪಾಗೋದು ಇಂಡಸ್ಟ್ರಿಯಲ್ ಏರಿಯಾ. ಆದ್ರೆ ಹೊಸಕೋಟೆ, ದೇವನಹಳ್ಳಿ ಕಡೆ ಇನ್ನೂ ದ್ರಾಕ್ಷಿ ಚಪ್ಪರಗಳಿವೆ. 2013ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಭಾಗದ್ದೇ. ಅದರ ದೊಡ್ಡ ಶತ್ರು ಡೌನಿ, ಅಂದ್ರೆ ಬೂಜು ತುಪ್ಪಟ ರೋಗ.

"ವಾರ ಆಯ್ತು, ಔಷಧಿ ಹೊಡಿ" ಅನ್ನೋ ಲೆಕ್ಕ ಎಷ್ಟೋ ಮನೆಗಳಲ್ಲಿದೆ. ಅದನ್ನ ಬಿಡಬೇಕು ಅಂತ ನನ್ನ ವಾದ.

ಡೌನಿ ವಾರ ನೋಡಿ ಬರಲ್ಲ. ಅದಕ್ಕೆ ಬೇಕಾಗಿರೋದು ಎಲೆ ಮೇಲೆ ಕೆಲವು ಗಂಟೆ ನಿಲ್ಲೋ ನೀರು, ತಂಪು ಹವೆ. ರಾತ್ರಿ ಮಳೆ, ಬೆಳಗ್ಗೆ ಇಬ್ಬನಿ, ಆಮೇಲೂ ಮೋಡ ಇದ್ರೆ ಸಾಕು. ರೋಗ ಒಳಗೆ ಹೊಕ್ಕ ಮೇಲೂ ಕೆಲವು ದಿನ ಏನೂ ಕಾಣಲ್ಲ. ಎಣ್ಣೆ ಬಿದ್ದಂಥ ಹಳದಿ ಕಲೆ, ಎಲೆ ಅಡಿಯಲ್ಲಿ ಬಿಳಿ ಬೂಜು ಕಾಣೋ ಹೊತ್ತಿಗೆ ತಡ ಆಗಿರುತ್ತೆ.

1885ರಲ್ಲಿ ಫ್ರಾನ್ಸಿನಲ್ಲಿ ಇದೇ ರೋಗಕ್ಕೆ ಮದ್ದು ಅಂತ ಹೆಸರಾದ ಬೋರ್ಡೋ ದ್ರಾವಣ, ಎಲೆ ಮೇಲೇ ಕೂತು ಕಾಯೋ ಔಷಧಿ. ಮಳೆಗೆ ಮುಂಚೆ ಹೊಡೆದು, ಒಣಗಿದ್ರೆ ಮಾತ್ರ ಕೆಲಸ ಮಾಡುತ್ತೆ. ಹೊಡೆದ ತಕ್ಷಣ ಜೋರು ಮಳೆ ಬಂದ್ರೆ ಔಷಧಿ, ಕೂಲಿ ಎಲ್ಲಾ ನೀರುಪಾಲು. ಅಗತ್ಯ ಇಲ್ದೆ ಹೊಡೆದ್ರೆ? ಖರ್ಚು ದಂಡ, ಹಣ್ಣಲ್ಲಿ ವಿಷದ ಅಂಶ, ಹೊಡೆಯೋರ ಮೈಗೂ ಕೇಡು. ಒಳಗಿಳಿಯೋ ಔಷಧಿ ಒಂದನ್ನೇ ಪದೇ ಪದೇ ಹೊಡೆದ್ರೆ ರೋಗವೇ ಅದಕ್ಕೆ ಒಗ್ಗಿಹೋಗುತ್ತೆ.

"ಹವಾಮಾನದೋರು ಹೇಳಿದ್ದು ಯಾವತ್ತು ನಿಜ ಆಗಿದೆ?" ಅಂತ ಮನೇಲಿ ಕೇಳ್ತಾರೆ. ನಗಬೇಡಿ, ಆ ಭಯಕ್ಕೆ ಅರ್ಥ ಇದೆ. ಒಂದು ಸಲ ಹೊಡೆಯೋದು ಉಳಿದ್ರೆ ಸ್ವಲ್ಪ ದುಡ್ಡು ಉಳಿಯುತ್ತೆ, ಲೆಕ್ಕ ತಪ್ಪಿದ್ರೆ ಇಡೀ ಬೆಳೆ ಹೋಗುತ್ತೆ. ಪಕ್ಕದೂರಲ್ಲಿ ಸುರಿದು ನಮ್ಮೂರಲ್ಲಿ ಹನಿ ಬೀಳದ ದಿನಗಳೂ ಇವೆ. ಅದಕ್ಕೇ ಹೇಳ್ತಿರೋದು: ಮುನ್ಸೂಚನೆ ನೋಡೋದು ಔಷಧಿ ಬಿಟ್ಟುಬಿಡೋಕಲ್ಲ, ಸರಿಯಾದ ದಿನ ಆರಿಸೋಕೆ. ಅನುಮಾನ ಇದ್ರೆ ಹೊಡೀರಿ, ಆದ್ರೆ ಮಳೆಗೆ ಮುಂಚೆ, ಗಾಳಿ ಇಲ್ದಿರೋ ಹೊತ್ತಲ್ಲಿ.

ಇಲ್ಲೇ ನಮ್ಮ ಪಾಲಿನ ಕೆಲಸ ಇರೋದು:

☁️ ಮಂಗಳವಾರ, ಶುಕ್ರವಾರ ಹವಾಮಾನ ಆಧಾರಿತ ಕೃಷಿ ಸಲಹೆ ಬರುತ್ತೆ. ಮೇಘದೂತ್ ಆಪಲ್ಲಿ ಕನ್ನಡದಲ್ಲೇ ಓದಬಹುದು.
📞 ಫೋನ್ ಮಾಡಿ ಕೇಳೋಕೆ ರಾಜ್ಯದ ವರುಣ ಮಿತ್ರ ಸಹಾಯವಾಣಿ ಇದೆ.
📍 2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ಸಿಗ್ತಿದೆ.
🍃 ಕೊನೆ ಮಾತು ಎಲೆದು. ಬೆಳಗ್ಗೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಬರೆದಿಡಿ.

ರೀಲ್ಸ್ ನೋಡೋ ಟೈಮಲ್ಲಿ ಎರಡು ನಿಮಿಷ ಅಪ್ಪನಿಗೆ ಇದನ್ನ ಓದಿ ಹೇಳಿ. ತೋಟದ ಅನುಭವ ಅವರದ್ದು, ಫೋನ್ ನಮ್ಮದು. ಎರಡೂ ಸೇರಿದ್ರೆ ಚಪ್ಪರ ಉಳಿಯುತ್ತೆ.

ನಿಮ್ಮನೇಲಿ ಔಷಧಿ ಹೊಡೆಯೋ ದಿನ ಯಾರು ತೀರ್ಮಾನ ಮಾಡ್ತಾರೆ? 👇

#ತೋಟದಮಾತು #ಹೊಸಕೋಟೆ #ಬೆಂಗಳೂರುನೀಲಿದ್ರಾಕ್ಷಿ