ಸಂಗೀತಕ್ಕೂ ಬೋನಸ್ ಅಂಕ!

ನಮ್ಮ ಮಹಾರಾಷ್ಟ್ರದಲ್ಲಿ ಶಾಸ್ತ್ರೀಯ ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದ ಮಕ್ಕಳಿಗೆ ಹತ್ತನೇ ತರಗತಿಯ ಫಲಿತಾಂಶದಲ್ಲಿ ಒಂದಷ್ಟು ಹೆಚ್ಚುವರಿ ಅಂಕ ಕೊಡುತ್ತಾರೆ. ಒಳ್ಳೆಯದೇ ಅಲ್ಲವೇ ಅಂತೀರಾ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿದ ನನಗೆ ಯಾಕೋ ಈ ಲೆಕ್ಕ ಸರಿ ಕಾಣುವುದಿಲ್ಲ.

ಅಂಕ ಸಿಗುವುದು ಯಾರಿಗೆ, ನೋಡಿ. ವರ್ಷಗಟ್ಟಲೆ ಕ್ಲಾಸಿಗೆ ಹೋದವರಿಗೆ. ಆ ಕ್ಲಾಸು ಹೆಚ್ಚಾಗಿ ಇರುವುದು ಶಾಲೆಯಲ್ಲಲ್ಲ, ಹೊರಗೆ. ಫೀಸು ಬೇಕು, ಮನೆಯಲ್ಲೊಂದು ಹಾರ್ಮೋನಿಯಂ ಬೇಕು, ಕರೆದುಕೊಂಡು ಹೋಗಿ ಬರಲು ಬಿಡುವಿರುವ ಅಜ್ಜನೋ ಅಮ್ಮನೋ ಬೇಕು. ನಮ್ಮ ಡೊಂಬಿವಲಿಯ ಸೊಸೈಟಿಗಳಲ್ಲಿ ಇದೆಲ್ಲ ಇದೆ. ಅದೇ ಸೊಸೈಟಿಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗಳಿಗೆ? ಅವಳು ಬರೆಯುವುದೂ ಅದೇ ಬೋರ್ಡಿನ ಪರೀಕ್ಷೆಯೇ. ಡೆಪಾಸಿಟ್ ಇದ್ದವರಿಗೇ ಬಡ್ಡಿ ಅಂದ ಹಾಗಾಯಿತು!

ತಮಾಷೆಯೆಂದರೆ ಈ ಪರೀಕ್ಷೆಗಳು ಶುರುವಾದದ್ದೇ ಇದಕ್ಕೆ ವಿರುದ್ಧವಾದ ಆಸೆಯಿಂದ. ಪಂಡಿತ್ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ರಾಜರ ಆಶ್ರಯ, ಘರಾಣೆಗಳ ಗುಟ್ಟು ಬಿಟ್ಟು ಸಾಮಾನ್ಯರ ಮಕ್ಕಳಿಗೂ ಸಂಗೀತ ಸಿಗಲಿ ಅಂತ. ಅದಕ್ಕಾಗಿಯೇ ಪಾಠಪಟ್ಟಿ, ಪುಸ್ತಕ, ತರಗತಿ ಎಲ್ಲ. ಅವರ ಶಿಷ್ಯರು 1931ರಲ್ಲಿ ಕಟ್ಟಿದ ಮಂಡಲವೇ ಇವತ್ತು ಪ್ರಾರಂಭಿಕದಿಂದ ವಿಶಾರದದವರೆಗೆ ಪರೀಕ್ಷೆ ನಡೆಸುತ್ತಿರುವುದು. ಪರೀಕ್ಷೆಯನ್ನು ದೂರುತ್ತಿಲ್ಲ, ಮತ್ತೆ. ಶ್ರದ್ಧೆಯಿಂದ ಕಲಿಯುವವರಿಗೆ ಅದು ಬೇಕು.

ಆದರೆ ಹಾಡುಗಾರರಾಗದ ಮಕ್ಕಳ ಗತಿ ಏನು? ತಾನಸೇನ ಆಗದಿದ್ದರೆ ಕಾನಸೇನನಾದರೂ ಆಗು ಅಂತ ಇಲ್ಲಿನ ರಸಿಕರು ಹೇಳುವುದುಂಟು. ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಪುಣೆಯಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಉತ್ಸವ ಇಷ್ಟು ದೊಡ್ಡದಾಗಿದ್ದು ಕಾನಸೇನರಿಂದಲೇ ಅಲ್ಲವೇ?

ಕೇಳುವ ಕಿವಿ ತಯಾರಾಗಲು ಶಾಲೆಗೆ ದೊಡ್ಡ ಖರ್ಚೇನೂ ಇಲ್ಲ. ತೀನತಾಳವನ್ನೇ ತೆಗೆದುಕೊಳ್ಳಿ. ಹದಿನಾರು ಮಾತ್ರೆ, ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಮಾತ್ರ ಚಪ್ಪಾಳೆಯಿಲ್ಲ, ಸುಮ್ಮನೆ ಕೈ ಬೀಸಬೇಕು, ಅದು ಖಾಲಿ. ಅರವತ್ತು ಮಕ್ಕಳು ಒಟ್ಟಿಗೆ ಆ ಖಾಲಿಯನ್ನು ಖಾಲಿಯಾಗಿಯೇ ಬಿಡಬೇಕಾದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲೇಬೇಕು. ಸ್ವರ ಕೂಡದ ಮಗುವೂ ಇದನ್ನು ಮಾಡಬಲ್ಲದು. ವಾದ್ಯವೂ ಬೇಡ, ಫೀಸೂ ಬೇಡ. ಬೇಕಾದದ್ದು ಒಬ್ಬ ಮೇಷ್ಟ್ರು, ವಾರಕ್ಕೆ ಎರಡು ಪೀರಿಯಡ್. (ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ ಅನ್ನುವವರ ಜೊತೆ ನಾನಿಲ್ಲ. ಗಣಿತ ಚೆನ್ನಾಗಿ ಬರಲು ಗಣಿತ ಕಲಿಯಬೇಕು!)

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆ ಬೇಡ ಅನ್ನುತ್ತದೆ. ಹಾಗಿದ್ದರೆ ಹೆಚ್ಚುವರಿ ಅಂಕ ಕೊಡುವ ಮೊದಲು ನಾಲ್ಕು ಶಾಲೆಗೆ ಒಬ್ಬರಂತಾದರೂ ಕಾಯಂ ಸಂಗೀತ ಶಿಕ್ಷಕರನ್ನು ನೇಮಿಸಲಿ. ಮತ್ತೆ ಆ ಪೀರಿಯಡ್ಡನ್ನು, ದಯವಿಟ್ಟು, ಪೋರ್ಶನ್ ಮುಗಿದಿಲ್ಲವೆಂದು ಗಣಿತದ ಮೇಷ್ಟ್ರು ಕೇಳಿದಾಗ ಕೊಟ್ಟುಬಿಡದಿರಲಿ.