ನೀರಿಗಿಳಿಯುವ ಮುನ್ನ

ಕಳೆದ ಜನವರಿಯಲ್ಲಿ ಮನೆಯವರೊಡನೆ ಮುರುಡೇಶ್ವರಕ್ಕೆ ಹೋಗಿದ್ದೆವು. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವ ಏರ್ಪಾಡು ನಮ್ಮ ಅಳಿಯಂದಿರದು. ನನಗೂ ಆಸೆಯಿದ್ದಿತೆಂದು ಒಪ್ಪಿಕೊಳ್ಳುತ್ತೇನೆ. ಹಿಂದಿನ ಸಂಜೆ ಕೊಟ್ಟ ಆರೋಗ್ಯದ ಪ್ರಶ್ನಾವಳಿಯನ್ನು ಅವರು ಒಂದೇ ನಿಮಿಷದಲ್ಲಿ ತುಂಬಿದರು, ಎಲ್ಲಕ್ಕೂ ‘ಇಲ್ಲ’.

“ಮಾವ, ನೀವೂ ಹಾಗೇ ಬರೆದುಬಿಡಿ. ಒಂದು ‘ಹೌದು’ ಅಂದರೂ ಡಾಕ್ಟರ ಚೀಟಿ ಕೇಳ್ತಾರೆ.”

ಅವರ ವಯಸ್ಸು 48. ಎರಡು ವರ್ಷಗಳಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ. ಅವರ ತಂದೆಯವರು ಹೃದಯಾಘಾತದಿಂದ ತೀರಿಕೊಂಡಾಗ 49. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ನಾನೂ ಬಿ.ಪಿ.ಯವನೇ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಕಲು ಚೀಟಿ ಹುಡುಕಿದ ಈ ಕೈ ‘ಇಲ್ಲ’ ಎಂಬಲ್ಲಿಗೆ ಹೋಗಿತ್ತೆಂಬುದನ್ನು ಮುಚ್ಚಿಡಲಾರೆ.

ಸಿರಿಂಜಿನ ಬಾಯಿಗೆ ಬೆರಳೊತ್ತಿ ಬಾಯ್ಲನ ನಿಯಮ ತೋರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಇಮ್ಮಡಿ. ಕಿವಿ, ಶ್ವಾಸಕೋಶಗಳ ಬಗೆಗೆ ಹೇಳುತ್ತಿದ್ದೆನೇ ಹೊರತು ಹೃದಯದ ಮಾತೆತ್ತಿದವನಲ್ಲ. ಕೊರಳವರೆಗೆ ನೀರಿಗಿಳಿದೊಡನೆ ಕೈಕಾಲುಗಳ ರಕ್ತ, ಅರ್ಧ ಲೀಟರಿಗೂ ಮಿಗಿಲಾಗಿ, ಎದೆಯತ್ತ ಸರಿಯುತ್ತದೆ. ಹೃದಯದ ಕೋಣೆಗಳು ಹಿಗ್ಗುತ್ತವೆ. ನೀರು ತಣ್ಣಗಿದ್ದರೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಬಿ.ಪಿ. ಇರುವವರಲ್ಲಿ ದೇಹದ ದ್ರವವೇ ಶ್ವಾಸಕೋಶಕ್ಕೆ ಸೋರಿ ಉಸಿರುಗಟ್ಟಿಸುವ ಪ್ರಸಂಗಗಳೂ ಉಂಟು. ಇದರ ಮೇಲೆ ಪ್ರವಾಹದ ಸೆಳೆತ, ಗಾಬರಿ. ನೆಲದ ಮೇಲೆ ಎದೆ ಹಿಡಿದುಕೊಂಡರೆ ಕುಳಿತುಕೊಳ್ಳಬಹುದು. ಅಲ್ಲಿ ಪ್ರಜ್ಞೆ ತಪ್ಪಿ ಬಾಯಿಯ ಕೊಳವೆ ಜಾರಿದರೆ ಮುಳುಗಿದಂತೆಯೇ.

ಆ ರಾತ್ರಿ, ಒಂದು ಕಾಲದಲ್ಲಿ ನನ್ನಲ್ಲಿ ಓದಿ ಈಗ ಹೃದಯತಜ್ಞನಾಗಿರುವವನಿಗೆ ದೂರವಾಣಿ ಮಾಡಿದೆ. ಇ.ಸಿ.ಜಿ. ಸರಿಯಾಗಿತ್ತಲ್ಲ ಎಂದೆ. “ಸಾರ್, ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಿದ್ದರೆ, ಮಲಗಿದ್ದಾಗ ಸರಿಯಿದೆ ಅಂತಷ್ಟೇ ಅರ್ಥ” ಎಂದ. ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಗೆ ಒಂದು ‘ಮೆಟ್’ ಎಂದು ಹೆಸರು. ಸಮುದ್ರದಲ್ಲಿ ಕಷ್ಟ ಬಂದರೆ ಈಜಿ ಪಾರಾಗಲು ಸುಮಾರು 10 ಮೆಟ್‌ಗಳವರೆಗೆ ಏರಬಲ್ಲ ಹೃದಯ ಬೇಕೆಂಬುದು ವೈದ್ಯರು ಬಳಸುವ ಒಂದು ಅಳತೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಬ್ರೂಸ್ ಕ್ರಮದಂತೆ 9 ನಿಮಿಷ ಪೂರೈಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆ ಪರೀಕ್ಷೆಯೂ ಎಲ್ಲ ದೋಷಗಳನ್ನೂ ಹಿಡಿಯದೆಂದು ಅವನೇ ಸೇರಿಸಿದ. ಕೆಲವು ಬಿ.ಪಿ. ಮಾತ್ರೆಗಳು ನಾಡಿಯ ವೇಗವನ್ನೇ ಏರಗೊಡುವುದಿಲ್ಲವಾದ್ದರಿಂದ ಮಾತ್ರೆಯ ಹೆಸರನ್ನೂ ವೈದ್ಯರಿಗೆ ತಿಳಿಸಬೇಕು.

ಈ ಪ್ರಶ್ನಾವಳಿಯನ್ನು ಜನ ಸಹಿಯ ಶಾಸ್ತ್ರವೆಂದು ತಿಳಿದಿರುವುದೇ ನನ್ನ ತಕರಾರು. 2020ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ನಮೂನೆಯಲ್ಲಿ 45 ದಾಟಿದವರಿಗೆಂದೇ ಧೂಮಪಾನ, ಕೊಲೆಸ್ಟರಾಲ್, ಬಿ.ಪಿ., ಮನೆತನದ ಹೃದ್ರೋಗ ಕುರಿತ ಪ್ರಶ್ನೆಗಳಿವೆ. ನಮ್ಮ ಅಳಿಯಂದಿರು ಸತ್ಯ ಬರೆದಿದ್ದರೆ ಎರಡಕ್ಕೆ ‘ಹೌದು’ ಬೀಳುತ್ತಿತ್ತು. ಆದರೆ ತಪ್ಪು ಅವರೊಬ್ಬರದೇ ಅಲ್ಲ. ಹಣ ಕಟ್ಟಿ, ಮಕ್ಕಳಿಗೆ ಆಸೆ ಹುಟ್ಟಿಸಿ, ದೋಣಿ ಹತ್ತುವ ಹಿಂದಿನ ಸಂಜೆ ಪ್ರಶ್ನೆಗಳನ್ನು ಮುಂದಿಟ್ಟರೆ ಸತ್ಯ ಬರೆಯುವವರೆಷ್ಟು ಮಂದಿ? ಮುಂಗಡ ಪಡೆಯುವ ದಿನವೇ ಅದನ್ನು ಕಳುಹಿಸಿದರೆ ಪರೀಕ್ಷೆಗೆ ಸಮಯವಾದರೂ ಸಿಗುತ್ತದೆ.

ಮರುದಿನ ಮಗಳು, ಮೊಮ್ಮಗಳು ಇಬ್ಬರೇ ಹೋದರು. ಅಳಿಯಂದಿರು ಮಧ್ಯಾಹ್ನದವರೆಗೂ ನನ್ನೊಡನೆ ಮಾತಾಡಲಿಲ್ಲ. ಫೆಬ್ರವರಿಯಲ್ಲಿ ಪರೀಕ್ಷೆಯಾಯಿತು: 10 ನಿಮಿಷ ಓಡಿದರು, ತೊಂದರೆ ಕಾಣಲಿಲ್ಲ, ಕೊಲೆಸ್ಟರಾಲ್ ಮಾತ್ರ ಹೆಚ್ಚಿದ್ದು ಔಷಧ ಆರಂಭವಾಗಿದೆ. ಮಳೆಗಾಲ ಕಳೆದ ಮೇಲೆ ವೈದ್ಯರ ಚೀಟಿ ಹಿಡಿದು ಹೋಗುವವರಿದ್ದಾರೆ. ನನ್ನ ಮೊಣಕಾಲು ಐದನೆಯ ನಿಮಿಷಕ್ಕೇ ಕೈಕೊಟ್ಟಿದ್ದರಿಂದ, ನಾನು ದಡದಲ್ಲಿ ಚೀಲಗಳನ್ನು ಕಾಯುವುದೆಂದು ತೀರ್ಮಾನವಾಗಿದೆ.