ಅಟ್ಟದ ಇಲಿಗಳ ಉಪದ್ರವವೂ ಗ್ರಾಮದ ಮುಖಂಡರ ಕರ್ತವ್ಯವೂ

ಒಕ್ಕಣೆಯು ಮುಗಿದು ಧಾನ್ಯವು ಮನೆ ಸೇರಿದ ಕೆಲವು ವಾರಗಳಲ್ಲಿಯೇ ಅಟ್ಟದ ಮೇಲೆ ರಾತ್ರಿಯ ಗಲಭೆಯು ಮೊದಲಾಗುವುದು ಗ್ರಾಮವಾಸಿಗಳೆಲ್ಲರಿಗೂ ಅನುಭವಸಿದ್ಧವಾದ ವಿಷಯವು. ದೀಪವಾರಿದೊಡನೆ ತೊಲೆಯಿಂದ ತೊಲೆಗೆ ಓಟ, ಹಲಗೆಯನ್ನು ಕೊರೆಯುವ ಕರಕರ ಶಬ್ದ, ಮರಿಗಳ ಕೀಚಲು ದನಿ, ಇವುಗಳಿಂದ ನಿದ್ರಾಭಂಗವಾದ ಯಜಮಾನನು ಕೋಲಿನಿಂದ ಅಟ್ಟದ ಹಲಗೆಯನ್ನು ನಾಲ್ಕು ಸಲ ಕುಟ್ಟಿ, ಮಾರನೆಯ ದಿನ ಸಂತೆಯಿಂದ ಒಂದು ಪೊಟ್ಟಣ ಇಲಿಪಾಷಾಣವನ್ನು ತರಿಸಿ, ಅಲ್ಲಿಗೆ ತನ್ನ ಕೆಲಸವು ತೀರಿತೆಂದು ಭಾವಿಸುತ್ತಾನೆ. ಒಂದು ವಾರ ಅಟ್ಟವು ನಿಶ್ಶಬ್ದವಾಗಿರುತ್ತದೆ. ಎರಡು ತಿಂಗಳು ತುಂಬುವುದರೊಳಗೆ ಗಲಭೆಯು ಯಥಾಪ್ರಕಾರ ನಡೆಯುತ್ತದೆ. ಇಲಿಗಳ ನಿವಾರಣೆಯು ಒಂದೊಂದು ಮನೆಯ ಸ್ವಂತ ಕೆಲಸವೆಂದು ನಾವು ತಿಳಿದಿರುವುದೇ ಇದಕ್ಕೆ ಕಾರಣವು. ಅದು ಊರೊಟ್ಟಿನ ಕೆಲಸವೆಂಬುದನ್ನೂ, ಅದರಲ್ಲಿ ಹೆಚ್ಚು ಧಾನ್ಯವುಳ್ಳವರ ಹೊಣೆಯೇ ಹೆಚ್ಚಿನದೆಂಬುದನ್ನೂ ಗ್ರಾಮದ ಮುಖಂಡರ ಮತ್ತು ಭೂಮಾಲಿಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಮೊದಲು ಅಟ್ಟದಲ್ಲಿರುವ ಪ್ರಾಣಿಯು ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹೆಗ್ಗಣವು ನೆಲವನ್ನು ತೋಡಿ ಬಿಲದಲ್ಲಿ ವಾಸಿಸತಕ್ಕದ್ದು. ಅದು ಅಟ್ಟಕ್ಕೆ ಏರುವುದು ಅಪೂರ್ವ. ಅಟ್ಟದಲ್ಲಿ ಸಂಸಾರ ಹೂಡುವುದು ದೇಹಕ್ಕಿಂತಲೂ ಉದ್ದವಾದ ಬಾಲವುಳ್ಳ, ಗೋಡೆ, ತಂತಿ, ಕೊಂಬೆಗಳನ್ನು ಅನಾಯಾಸವಾಗಿ ಹತ್ತಬಲ್ಲ ಮನೆಯಿಲಿಯು. ಇದರ ಹಿಕ್ಕೆಯು ಸುಮಾರು ಅರ್ಧ ಅಂಗುಲವಿರುತ್ತದೆ. ಹಿಕ್ಕೆಯು ಅಕ್ಕಿಕಾಳಿನಷ್ಟು ಮಾತ್ರ ಇದ್ದರೆ ಅದು ಚಿಟ್ಟಿಲಿಯದು. ನೀಳವಾದ ಮೂತಿಯೂ ದುರ್ವಾಸನೆಯೂ ಉಳ್ಳ ಮೂಗಿಲಿಯು ಇಲಿಗಳ ವರ್ಗಕ್ಕೇ ಸೇರಿದುದಲ್ಲ. ಜಿರಲೆ ಮೊದಲಾದ ಹುಳುಗಳೇ ಅದರ ಮುಖ್ಯ ಆಹಾರ. ಇನ್ನು ಭಾರವಾದ ಹೆಜ್ಜೆಯ ಸದ್ದು ಕೇಳಿಬಂದರೆ ಅದು ಮರಬೆಕ್ಕಿನದಾಗಿರಬಹುದು. ಇದು ತಾನೇ ಇಲಿಗಳನ್ನು ತಿನ್ನತಕ್ಕದ್ದೂ, ಕಾಯಿದೆಯ ರಕ್ಷಣೆಯನ್ನು ಪಡೆದುದೂ ಆದ ಪ್ರಾಣಿಯಾದುದರಿಂದ ಅದಕ್ಕೆ ವಿಷವಿಕ್ಕುವುದು ಅವಿವೇಕವೂ ಅಪರಾಧವೂ ಆಗುವುದು.

ಮನೆಯಿಲಿಯ ಗರ್ಭಧಾರಣೆಯ ಕಾಲವು ಸುಮಾರು ಮೂರು ವಾರಗಳು ಮಾತ್ರ. ಒಂದು ಸೂಲಿಗೆ ಸಾಮಾನ್ಯವಾಗಿ ಐದರಿಂದ ಎಂಟು ಮರಿಗಳು. ಆ ಮರಿಗಳು ಮೂರು ನಾಲ್ಕು ತಿಂಗಳುಗಳಲ್ಲಿ ತಾವೇ ಮರಿಹಾಕಲು ಶಕ್ತವಾಗುತ್ತವೆ. ಅದರ ಮುಂದಿನ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಿರುವುದರಿಂದ ತಿನ್ನಲು ಏನೂ ಇಲ್ಲದಾಗಲೂ ಅದು ಮರ, ಚೀಲ, ವಿದ್ಯುತ್ತಿನ ತಂತಿಗಳನ್ನು ಕಡಿಯುತ್ತಲೇ ಇರುವುದು. ಒಂದು ಇಲಿಯು ದಿನಕ್ಕೆ 15 ಗ್ರಾಂ ಧಾನ್ಯವನ್ನು ತಿನ್ನುವುದೆಂದು ಲೆಕ್ಕ ಹಾಕಿದರೂ ವರ್ಷಕ್ಕೆ ಸುಮಾರು ಐದೂವರೆ ಕಿಲೋ ಆಗುವುದು. ಅಟ್ಟವೊಂದಕ್ಕೆ 20 ಇಲಿಗಳಿದ್ದರೆ ನಷ್ಟವು ಒಂದು ಕ್ವಿಂಟಾಲನ್ನು ಮೀರುವುದು. ಅಂತಹ 100 ಮನೆಗಳುಳ್ಳ ಗ್ರಾಮಕ್ಕೆ ಇದು 100 ಕ್ವಿಂಟಾಲಿಗೂ ಮೇಲ್ಪಟ್ಟ ಕಂದಾಯವಾಯಿತು. ಯಾವ ಸರ್ಕಾರವಾದರೂ ಇಷ್ಟು ಕಂದಾಯವನ್ನು ಹೊಸದಾಗಿ ವಿಧಿಸಿದರೆ ಊರಿನವರು ಸುಮ್ಮನಿರುವರೇ? ತಿಂದುದಕ್ಕಿಂತಲೂ ಹಿಕ್ಕೆ ಮೂತ್ರಗಳಿಂದ ಕೆಡಿಸಿದ ಧಾನ್ಯವು ಇದಕ್ಕೆ ಹೊರತು.

ರೋಗದ ವಿಷಯವು ಇದಕ್ಕಿಂತಲೂ ಗುರುತರವಾದುದು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರು ಸಂಸ್ಥಾನದ ಊರೂರುಗಳಿಗೆ ಹಬ್ಬಿತು. ಇಲಿ ಬಿದ್ದಿತೆಂಬ ಸುದ್ದಿಯು ಹುಟ್ಟಿದೊಡನೆ ಜನರು ಮನೆಮಾರುಗಳನ್ನು ಬಿಟ್ಟು ಹೊಲಗಳಲ್ಲಿ ಜೋಪಡಿಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಸಂಗತಿಯನ್ನು ಹಳೆಯ ಮನೆತನಗಳವರು ಕೇಳಿಯೇ ಇರುವರು. ಸತ್ತ ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಸಾಗಿಸತಕ್ಕದ್ದೆಂಬುದನ್ನು ಪಾಲ್ ಲೂಯಿ ಸಿಮೋಂದ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ಈಗ ಪ್ಲೇಗಿಗೆ ಒಳ್ಳೆಯ ಔಷಧಗಳುಂಟು. ಆದರೂ 1994ರಲ್ಲಿ ಸೂರತ್ ನಗರದಲ್ಲಿ ಅದು ತಲೆದೋರಿದಾಗ ಲಕ್ಷಾಂತರ ಜನರು ಊರು ಬಿಟ್ಟು ಓಡಿದರು. ನಮ್ಮ ರೈತರಿಗೆ ಇಂದು ಹೆಚ್ಚು ಸಮೀಪವಾಗಿರುವುದು ಇಲಿಜ್ವರ. ಇಲಿಯ ಮೂತ್ರವು ಬೆರೆತ ನೀರಿನಲ್ಲಿಯೂ ಕೆಸರಿನಲ್ಲಿಯೂ ಬರಿಗಾಲಿನಿಂದ ಕೆಲಸ ಮಾಡುವವರ ಗಾಯಗಳ ಮೂಲಕ ಇದು ದೇಹವನ್ನು ಸೇರಿ, ಜ್ವರ ಮತ್ತು ಮೈಕೈ ನೋವಿನಿಂದ ತೊಡಗಿ, ಅಲಕ್ಷ್ಯ ಮಾಡಿದರೆ ಮೂತ್ರಪಿಂಡ ಯಕೃತ್ತುಗಳನ್ನು ಕೆಡಿಸುತ್ತದೆ. ಈ ಕಷ್ಟಕ್ಕೆ ಮೊದಲು ಗುರಿಯಾಗುವವನು ಗದ್ದೆಯ ಕೂಲಿಯಾಳು. ಇಲಿಗಳನ್ನು ಪೋಷಿಸಿದ ಕಣಜವು ಮಾತ್ರ ಅವನದಲ್ಲ. ಈ ಒಂದು ಸಂಗತಿಯನ್ನು ಭೂಮಾಲಿಕರು ಮನಸ್ಸಿಟ್ಟು ಯೋಚಿಸತಕ್ಕದ್ದು.

ಒಬ್ಬನೇ ಮಾಡಿದ ಪ್ರಯತ್ನವು ಏಕೆ ವಿಫಲವಾಗುವುದೆಂಬುದನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಹಳೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡು ಸೂರಿಗೆ ಸೂರು ತಗುಲಿರುವುದು. ಒಂದು ಅಟ್ಟವು ಬರಿದಾದೊಡನೆ ಪಕ್ಕದ ಅಟ್ಟದ ಮರಿಗಳು ಅಲ್ಲಿಗೆ ಒಕ್ಕಲು ಬರುತ್ತವೆ. ಬೋನಿಗೆ ಬಿದ್ದ ಇಲಿಯನ್ನು ಕೊಲ್ಲಲಾರದೆ ಹಿಂದಿನ ಬೀದಿಯಲ್ಲಿಯೋ ಮತ್ತೊಬ್ಬರ ಹಿತ್ತಿಲಿನಲ್ಲಿಯೋ ಬಿಟ್ಟುಬರುವ ಪದ್ಧತಿಯೂ ಉಂಟು. ಹೀಗೆ ಊರಿನ ಇಲಿಗಳು ಮನೆಯಿಂದ ಮನೆಗೆ ವರ್ಗವಾಗುತ್ತಿರುವುವೇ ಹೊರತು ಅವುಗಳ ಸಂಖ್ಯೆಯು ಒಂದಾದರೂ ಕಡಿಮೆಯಾಗುವುದಿಲ್ಲ.

ಆದುದರಿಂದ ಸುಗ್ಗಿಯು ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಊರಿನವರು ಸಭೆ ಸೇರಿ ಒಂದು ವಾರವನ್ನು ಗೊತ್ತುಮಾಡಿ ಎಲ್ಲ ಮನೆಗಳಲ್ಲಿಯೂ ಏಕಕಾಲದಲ್ಲಿ ಈ ಕೆಲಸವನ್ನು ಕ್ರಮವಾಗಿ ನಡೆಯಿಸಬೇಕು.

ಮೊದಲನೆಯದಾಗಿ, ಅಟ್ಟವನ್ನು ಬರಿದುಮಾಡಿ ಹರಕು ಚೀಲ, ಹಳೆಯ ಚಾಪೆ, ಹುಲ್ಲು, ಚಿಪ್ಪುಗಳನ್ನು ತೆಗೆಯಬೇಕು. ಗುಡಿಸುವ ಮೊದಲು ನೀರನ್ನು ಚಿಮುಕಿಸಿ, ಮೂಗಿಗೆ ಬಟ್ಟೆಯನ್ನು ಕಟ್ಟಿಕೊಂಡು, ಕಿಟಕಿಗಳನ್ನು ತೆರೆದಿಡತಕ್ಕದ್ದು. ಧಾನ್ಯವನ್ನು ತಗಡಿನ ಕಣಜಕ್ಕೋ ಬಿಗಿಯಾದ ಮುಚ್ಚಳವುಳ್ಳ ವಾಡೆಗೋ ತುಂಬಬೇಕು. ಆಹಾರವು ದೊರೆಯುವವರೆಗೆ ಉಳಿದ ಉಪಾಯಗಳೆಲ್ಲ ವ್ಯರ್ಥ.

ಎರಡನೆಯದಾಗಿ, ಬೋನುಗಳನ್ನು ಇಡಬೇಕು. ಹೊಸ ವಸ್ತುವೆಂದರೆ ಮನೆಯಿಲಿಗೆ ಬಹಳ ಶಂಕೆ. ಆದಕಾರಣ ಬೋನಿನಲ್ಲಿ ಸುಟ್ಟ ಕೊಬ್ಬರಿಯನ್ನೋ ಕಡಲೆಕಾಯಿಯನ್ನೋ ಇಟ್ಟು, ಬಾಗಿಲನ್ನು ಬೀಳದಂತೆ ಕಟ್ಟಿ, ಮೂರು ನಾಲ್ಕು ರಾತ್ರಿ ಹಾಗೆಯೇ ಬಿಡತಕ್ಕದ್ದು. ಇಲಿಗಳು ಹೆದರಿಕೆಯಿಲ್ಲದೆ ತಿನ್ನತೊಡಗಿದ ಮೇಲೆ ಎಲ್ಲ ಬೋನುಗಳನ್ನೂ ಒಂದೇ ರಾತ್ರಿ ಹೂಡತಕ್ಕದ್ದು. ಇಲಿಯು ಬಯಲಿನಲ್ಲಿ ಓಡದೆ ಗೋಡೆಯ ಅಂಚನ್ನೂ ತೊಲೆಯನ್ನೂ ಹಿಡಿದೇ ಓಡುವುದರಿಂದ ಬೋನಿಗೆ ಅದೇ ಸ್ಥಳವು. ಸತ್ತವುಗಳನ್ನು ಬರಿಗೈಯಿಂದ ಮುಟ್ಟದೆ ಊರ ಹೊರಗೆ ಎರಡು ಅಡಿ ಆಳದಲ್ಲಿ ಹೂಳಬೇಕು. ವಿಷವಿಕ್ಕದೆಯೇ ಇಲಿಗಳು ಸಾಲಾಗಿ ಸಾಯುತ್ತಿದ್ದರೆ ಮಾತ್ರ ಮುಟ್ಟದೆ ಆ ಕೂಡಲೆ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು.

ಮೂರನೆಯದಾಗಿ, ಅಟ್ಟವು ನಿಶ್ಶಬ್ದವಾದ ಮೇಲೆ ದಾರಿಗಳನ್ನು ಮುಚ್ಚಬೇಕು. ಇದೇ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮಲ್ಲಿ ಯಾರೂ ಮಾಡದೆ ಬಿಡುವುದೂ ಇದನ್ನೇ. ಮನೆಯಿಲಿಗೆ ಅರ್ಧ ಅಂಗುಲದ ಕಂಡಿ ಸಾಕು, ಚಿಟ್ಟಿಲಿಗೆ ಕಾಲು ಅಂಗುಲ ಸಾಕು. ಗೋಡೆಯ ತಲೆಗೂ ಹೆಂಚಿಗೂ ನಡುವಣ ಸಂದು, ಬೆಳಕಿಂಡಿ, ಗವಾಕ್ಷಿ, ಇವುಗಳಿಗೆ ಕಾಲು ಅಂಗುಲದ ಕಣ್ಣಿನ ತಂತಿಬಲೆಯನ್ನು ಬಡಿಯಬೇಕು. ಗೋಡೆಯ ಬಿರುಕುಗಳಿಗೆ ಬರಿಯ ಮಣ್ಣನ್ನು ಮೆತ್ತದೆ ಸಿಮೆಂಟಿನ ಗಾರೆಯನ್ನು ಹಾಕಬೇಕು. ಸೂರಿಗೆ ತಾಗುವ ಕೊಂಬೆಗಳನ್ನು ನಾಲ್ಕಾರು ಅಡಿ ದೂರಕ್ಕೆ ಸವರಬೇಕು. ಮನೆಯ ಮಗ್ಗುಲಿನ ತೆಂಗಿನ ಮರಕ್ಕೆ, ಗರಿಗಳು ಬೇರೆ ಮರಕ್ಕೆ ತಾಗದಿದ್ದರೆ, ಒಂದು ಅಡಿಗೂ ಹೆಚ್ಚು ಅಗಲದ ನುಣುಪಾದ ತಗಡನ್ನು ಸುತ್ತಿದಲ್ಲಿ ಇಲಿಯು ಜಾರುವುದು. ಬಳಿಕ ಅಟ್ಟದ ಮೇಲೆ ಜರಡಿ ಹಿಡಿದ ಬೂದಿಯನ್ನು ತೆಳುವಾಗಿ ಹರಡಿ ಬೆಳಿಗ್ಗೆ ಹೆಜ್ಜೆಯ ಗುರುತುಗಳನ್ನು ಪರೀಕ್ಷಿಸಿದರೆ, ಉಳಿದ ಇಲಿಯನ್ನೂ ಉಳಿದ ಕಂಡಿಯನ್ನೂ ಅದೇ ತೋರಿಸಿಕೊಡುವುದು.

ವಿಷದ ವಿಚಾರದಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಹಳದಿ ರಂಜಕವನ್ನು ಬೆರೆಸಿದ ಇಲಿಪಾಷಾಣವು ಮನುಷ್ಯನ ಹೊಟ್ಟೆಗೆ ಹೋದರೆ ಯಕೃತ್ತನ್ನು ನಾಶಮಾಡುವುದು, ಅದಕ್ಕೆ ಪ್ರತಿವಿಷವಿಲ್ಲ. ಸತುವಿನ ಫಾಸ್ಫೈಡಿಗೂ ಪ್ರತಿವಿಷವಿಲ್ಲ. ಮೇಲಾಗಿ ಅದನ್ನು ಸ್ವಲ್ಪ ತಿಂದು ಬದುಕಿದ ಇಲಿಯು ಮತ್ತೆ ಅದನ್ನು ಮೂಸುವುದಿಲ್ಲ. ಇವು ಮಕ್ಕಳೂ ದುಃಖದಲ್ಲಿರುವವರೂ ವಾಸಮಾಡುವ ಮನೆಯೊಳಗೆ ಇರಕೂಡದು. ಅನಿವಾರ್ಯವಾದಲ್ಲಿ 0.005 ಪ್ರತಿಶತದ ಬ್ರೋಮಾಡಿಯೋಲೋನ್ ಬಿಲ್ಲೆಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಂಡು, ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಇಡಬಹುದು. ಇದು ಕೆಲವು ದಿನಗಳ ತರುವಾಯ ಕೊಲ್ಲುವುದರಿಂದ ಇಲಿಗಳಿಗೆ ಶಂಕೆ ಹುಟ್ಟದು. ವೈದ್ಯರಲ್ಲಿ ಕೆ ಜೀವಸತ್ವವೆಂಬ ಪ್ರತಿವಿಷವೂ ಉಂಟು. ಆದರೆ ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ಅಪಾಯವುಂಟು. ಗೂಬೆಯನ್ನು ಅಪಶಕುನವೆಂದು ಓಡಿಸಿ, ಕೇರೆಹಾವನ್ನು ಕಂಡಲ್ಲಿ ಬಡಿದು, ಆಮೇಲೆ ಇಲಿಗಳು ಹೆಚ್ಚಾದುವೆಂದು ಕೊರಗುವುದು ನಾವೇ ತಂದುಕೊಂಡ ಕಷ್ಟವು.

ಇಲಿಯು ಗಣಪತಿಯ ವಾಹನವೆಂದು ಕೊಲ್ಲಲು ಹಿಂಜರಿಯುವವರಿದ್ದಾರೆ. ಅವರ ಮನಸ್ಸನ್ನು ನೋಯಿಸುವುದು ನಮ್ಮ ಇಷ್ಟವಲ್ಲ. ಕಂಡಿಗಳನ್ನು ಮುಚ್ಚಿ ಧಾನ್ಯವನ್ನು ಭದ್ರಪಡಿಸುವುದರಲ್ಲಿ ಯಾವ ಹಿಂಸೆಯೂ ಇಲ್ಲ. ಅವರು ಅಷ್ಟನ್ನಾದರೂ ಮಾಡಿದರೆ ನೆರೆಯವರಿಗೆ ಉಪಕಾರವಾಗುವುದು. ಬೆಕ್ಕೊಂದಿದ್ದರೆ ಸಾಕೆಂಬುವರಿಗೆ ಹೇಳುವುದಿಷ್ಟೆ: ಬೆಕ್ಕು ಹತ್ತನ್ನು ಹಿಡಿಯಬಹುದು, ತೆರೆದ ಕಣಜವು ನೂರನ್ನು ಸಾಕುವುದು.

ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದುವು. ಆದರೂ ಊರಿನ ಹಿರಿಯರ ಮಾತಿಗಿರುವ ತೂಕವು ಯಾವ ಕಾಯಿದೆಯಿಂದಲೂ ರದ್ದಾಗುವಂತಹುದಲ್ಲ. ದಿನವನ್ನು ಗೊತ್ತುಮಾಡುವುದು, ಬೋನುಗಳನ್ನು ಸರದಿಯ ಮೇಲೆ ಮನೆಮನೆಗೆ ಕಳುಹಿಸುವುದು, ತಂತಿಬಲೆಯನ್ನು ಒಟ್ಟಾಗಿ ಕೊಂಡು ಹಂಚುವುದು, ಇವು ಅವರಿಂದಲೇ ಆಗತಕ್ಕ ಕೆಲಸಗಳು. ಕೂಲಿಯವರ ಮನೆಗಳಿಗೆ ಬೇಕಾದ ಬಲೆಯ ಮತ್ತು ಗಾರೆಯ ವೆಚ್ಚವನ್ನು ದೊಡ್ಡ ಹಿಡುವಳಿಯವರು ವಹಿಸಿಕೊಳ್ಳುವುದು ನ್ಯಾಯವೆಂದು ನಾವು ಭಾವಿಸುತ್ತೇವೆ. ಇದನ್ನು ದಾನವೆಂದು ಎಣಿಸಬೇಕಾಗಿಲ್ಲ. ಬಡವನ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಇಲಿಯು ಮರುವರ್ಷ ಶ್ರೀಮಂತನ ಅಟ್ಟದಲ್ಲಿಯೇ ಓಡಾಡುವುದು. ಮುಂದಿನ ಗ್ರಾಮಸಭೆಯಲ್ಲಿಯೇ ಈ ವಿಷಯವನ್ನು ಎತ್ತಿ, ಮುಂಗಾರಿನ ಮೊದಲ ಮಳೆಯು ಬೀಳುವುದರೊಳಗೆ ಒಂದು ಬೀದಿಯಲ್ಲಾದರೂ ಕಾರ್ಯವನ್ನು ಆರಂಭಿಸುವರೆಂದು ಗ್ರಾಮದ ಮುಖಂಡರಲ್ಲಿ ನಮ್ಮ ವಿಜ್ಞಾಪನೆ.